ಪುಯೆಬ್ಲಾ ಊರಿನ ಕೊನೆಯ ಹಾಸು

ಯಾರನ್ನೂ ನಂಬದವನು

ದೊಡ್ಡಬಳ್ಳಾಪುರದ ನಮ್ಮ ನೇಕಾರರು ನನ್ನನ್ನು ಮೆಕ್ಸಿಕೋ ದೇಶಕ್ಕೆ ಕಳಿಸಿದ್ದು ನನ್ನ ವಿದ್ಯೆ ನೋಡಿಯಲ್ಲ, ನನ್ನ ಅನುಮಾನ ನೋಡಿ. ತೆಂಗಿನಕಾಯಿ ಕೊಳ್ಳುವಾಗ ಅಲ್ಲಾಡಿಸಿ, ತಟ್ಟಿ, ಮೂಸಿ, ಆಮೇಲೂ ಅಂಗಡಿಯವನ ಮುಖವನ್ನೇ ದಿಟ್ಟಿಸುತ್ತ ನಿಲ್ಲುವ ಮನುಷ್ಯ ನಾನು. ನನ್ನ ಮದುವೆಯಲ್ಲಿ ಪುರೋಹಿತರು ಮಂತ್ರ ನುಂಗುತ್ತಿದ್ದಾರೆಂದು ನಡುವೆ ತಡೆದವನು ಎಂದು ಊರಿನಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ. ಅವರು ನುಂಗುತ್ತಿದ್ದದ್ದು ನಿಜ.

ಆಗ ಎರಡನೆಯ ಮಹಾಯುದ್ಧ ನಿಂತು ಸ್ವಲ್ಪ ಕಾಲವಾಗಿತ್ತು. ಕೈಮಗ್ಗ ಬಿಟ್ಟು ಕರೆಂಟು ಮಗ್ಗ ಹಾಕಬೇಕೆಂದು ನಮ್ಮ ಬೀದಿಗಳಲ್ಲೆಲ್ಲ ಒಂದೇ ಮಾತು. ಆದರೆ ಇಂಗ್ಲೆಂಡಿನಿಂದ ಹೊಸ ಮಗ್ಗ ಬರಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಬೊಂಬಾಯಿಯ ದಲ್ಲಾಳಿಯೊಬ್ಬ ಸುದ್ದಿ ತಂದ. ಮೆಕ್ಸಿಕೋದ ಪುಯೆಬ್ಲಾ ಎಂಬ ಊರು ಮಿಲ್ಲುಗಳಿಂದಲೇ ತುಂಬಿದೆಯಂತೆ. ಅಲ್ಲಿನ ಒಂದು ಮಿಲ್ಲಿನವರು ಹಳೆಯ ಇಂಗ್ಲಿಷ್ ಮಗ್ಗಗಳನ್ನು ತೆಗೆದು ಹೊಸ ನಮೂನೆಯವನ್ನು ಹಾಕುತ್ತಿದ್ದಾರಂತೆ. ಹಳೆಯವು ಇನ್ನೂ ಗಟ್ಟಿಯಾಗಿವೆಯಂತೆ. ಈ ಅಂತೆಗಳನ್ನೆಲ್ಲ ಪರೀಕ್ಷಿಸಿ, ಮಗ್ಗಗಳನ್ನು ಓಡಿಸಿ ನೋಡಿ, ಸರಿಯಿದ್ದರೆ ಹಡಗು ಹತ್ತಿಸಿ ಬರುವುದು ನನ್ನ ಕೆಲಸ. ಅದಕ್ಕಾಗಿ ನಮ್ಮ ಬೀದಿಯ ಹೆಂಗಸರು ಕಿವಿಯ ಓಲೆ ಬಿಚ್ಚಿ ಕೊಟ್ಟಿದ್ದರು. ಪೆಟ್ಟಿಗೆ ಬಿಚ್ಚಿದಾಗ ತುಕ್ಕು ಹಿಡಿದ ಕಬ್ಬಿಣ ಕಂಡರೆ ನಾನು ಊರಿನಲ್ಲಿ ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ.

ಜೊತೆಗೆ ಬಂದವರು ನನ್ನ ಅಕ್ಕನ ಗಂಡ, ಸಾಸಲು ಹಳ್ಳಿಯ ಪಿಳ್ಳಣ್ಣ ಭಾವ. ಯುದ್ಧದ ಕಾಲದಲ್ಲಿ ಬೆಂಗಳೂರು ದಂಡಿನ ಉಗ್ರಾಣದಲ್ಲಿದ್ದು ಇಂಗ್ಲಿಷ್ ಕಲಿತಿದ್ದರು. ಸ್ವಭಾವದಲ್ಲಿ ನನಗೆ ತದ್ವಿರುದ್ಧ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನು ನಾನು ಮಹಾರಾಜರ ಬಂಧು ಎಂದರೂ ನಂಬಿ ಜಾಗ ಬಿಟ್ಟುಕೊಡುತ್ತಾರೆ. ಹೊರಡುವಾಗ ಅಕ್ಕ ನನ್ನ ಕೈಗೆ ರಾಗಿ ಹುರಿಹಿಟ್ಟಿನ ಡಬ್ಬ ಕೊಟ್ಟು ಹೇಳಿದಳು: "ಇವ್ರು ಯಾರ್ ಏನಂದ್ರೂ ನಂಬ್ತಾರೆ, ನೀನು ಯಾರನ್ನೂ ನಂಬಲ್ಲ. ಇಬ್ರೂ ಸೇರಿದ್ರೆ ಒಬ್ಬ ಮನುಷ್ಯ ಆಗ್ತೀರ. ಹೋಗ್ಬನ್ನಿ."

ಹಡಗು, ರೈಲುಗಳ ಕಥೆ ಬೇಡ. ವಾಂತಿ ಮಾಡಿಕೊಂಡಿದ್ದನ್ನು ಎಷ್ಟೆಂದು ಬರೆಯುವುದು? ಮೆಕ್ಸಿಕೋದ ಗಡಿಯಲ್ಲಿ ನಡೆದದ್ದನ್ನು ಮಾತ್ರ ಹೇಳುತ್ತೇನೆ. ಅಲ್ಲಿನ ಅಧಿಕಾರಿ ನನ್ನ ಹುರಿಹಿಟ್ಟಿನ ಡಬ್ಬ ತೆರೆದು, ಕಂದು ಪುಡಿಯನ್ನು ಮೂಸಿ, ನನ್ನ ಮುಖವನ್ನು ದಿಟ್ಟಿಸಿದ. ಆ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು. ತೆಂಗಿನಕಾಯಿ ಅಂಗಡಿಯಲ್ಲಿ ನಾನು ನೋಡುವುದೂ ಹಾಗೆಯೇ. ತಿಂದು ತೋರಿಸು ಎಂದು ಸನ್ನೆ ಮಾಡಿದ. ಒಣ ಹುರಿಹಿಟ್ಟನ್ನು ಬಾಯಿಗೆ ಸುರಿದುಕೊಂಡು ಕೆಮ್ಮಿದೆ, ಹಿಟ್ಟೆಲ್ಲ ಅವನ ಕೋಟಿನ ಮೇಲೆ ಹಾರಿತು. ಭಾವ ನಕ್ಕರು, ಅಧಿಕಾರಿಯೂ ನಕ್ಕ. ಡಬ್ಬ ಉಳಿಯಿತು.

ದೇವದೂತರು ಎತ್ತಿದ ಗಂಟೆ

ಪುಯೆಬ್ಲಾ ಸ್ಟೇಷನ್ನಿಗೆ ನಮ್ಮನ್ನು ಕರೆದೊಯ್ಯಲು ಬಂದವರು ಆ ಮಿಲ್ಲಿನ ಉಗ್ರಾಣದ ಮೇಲ್ವಿಚಾರಕರು, ಆನ್ಸೆಲ್ಮೊ. ವಯಸ್ಸಾದ ಮನುಷ್ಯ, ದಪ್ಪ ಮೀಸೆ, ಎದೆಗೆ ಕೈಯಿಟ್ಟುಕೊಂಡು ಬಾಗುವ ಅಭ್ಯಾಸ. ಯೌವನದಲ್ಲಿ ಅಮೆರಿಕದ ರೈಲ್ವೆಯಲ್ಲಿ ದುಡಿದು ಬಂದಿದ್ದರಿಂದ ಇಂಗ್ಲಿಷ್ ಬಲ್ಲರು. ಅವರು ಇಂಗ್ಲಿಷಿನಲ್ಲಿ ಹೇಳುವುದು, ಭಾವ ನನಗೆ ನಮ್ಮ ಮಾತಿನಲ್ಲಿ ತಿಳಿಸುವುದು, ಹೀಗೆ ನಮ್ಮ ವ್ಯವಹಾರ. ಇಳಿಯಲು ಕೊಟ್ಟ ಮನೆ ಮಿಲ್ಲಿನ ಬೆನ್ನಿಗೇ ಇತ್ತು. ನಡುವೆ ಒಂದು ಓಣಿ, ಆಚೆ ಮಿಲ್ಲಿನ ಗೋಡೆ. ಗೋಡೆಯ ಹಿಂದೆ ಮಗ್ಗಗಳ ಸದ್ದು ಭೋರ್ಗರೆಯುತ್ತಿತ್ತು. ಆ ಸದ್ದು ಕೇಳಿ ನನ್ನ ಅರ್ಧ ಆಯಾಸ ಇಳಿಯಿತು.

"ಮಗ್ಗ ಈಗಲೇ ನೋಡೋಣ" ಎಂದೆ. ಆನ್ಸೆಲ್ಮೊ ಎದೆಗೆ ಕೈಯಿಟ್ಟು ಏನೋ ಹೇಳಿದರು.

"ದೂರದಿಂದ ಬಂದಿದೀರ, ಮೊದ್ಲು ನಮ್ಮೂರು ನೋಡಿ, ಮಗ್ಗ ಎಲ್ಲಿಗೋಯ್ತವೆ ಅಂತಾವ್ರೆ" ಎಂದರು ಭಾವ, ಖುಷಿಯಾಗಿ.

ನನಗೆ ಅಲ್ಲೇ ಮೊದಲ ಮುಳ್ಳು ಚುಚ್ಚಿತು. ಮಾರುವವನು ಸರಕು ತೋರಿಸದೆ ಊರು ತೋರಿಸುತ್ತೇನೆಂದರೆ ಏನರ್ಥ?

ಕರೆದೊಯ್ದದ್ದು ಊರಿನ ದೊಡ್ಡ ಗುಡಿಗೆ. ಇಗರ್ಜಿಯೆಂದರೆ ಬೆಂಗಳೂರಿನಲ್ಲಿ ಕಂಡಿದ್ದೆ, ಆದರೆ ಇದು ಬೇರೆಯೇ ಗಾತ್ರ. ಜೋಡಿ ಗೋಪುರಗಳು, ಒಳಗೆ ಕಣ್ಣು ಕುಕ್ಕುವ ಬಂಗಾರದ ಕೆಲಸ, ನೆಲದ ಕಲ್ಲು ನಡೆದು ನಡೆದು ನುಣುಪಾಗಿತ್ತು. ಗೋಪುರದ ಮೇಲಿನ ಹೆಗ್ಗಂಟೆಯನ್ನು ಮನುಷ್ಯರಿಂದ ಎತ್ತಲಾಗದೆ ಕೆಳಗೇ ಬಿಟ್ಟಿದ್ದಾಗ, ದೇವದೂತರು ಬಂದು ಮೇಲೇರಿಸಿದರು ಎಂದು ಆನ್ಸೆಲ್ಮೊ ಹೇಳಿದರು. ಭಾವ ಕೈಮುಗಿದರು. ನಾನು ಮೆಟ್ಟಿಲು ಹತ್ತಿ ಗಂಟೆಯ ಸುತ್ತ ತೊಲೆಗಳನ್ನೆಲ್ಲ ತಡವಿದೆ.

"ಏನ್ ಹುಡುಕ್ತಿದೀಯಪ್ಪಾ?" ಎಂದರು ಭಾವ, ಏದುಸಿರು ಬಿಡುತ್ತ.

"ಹಗ್ಗ ಉಜ್ಜಿದ ಗುರುತು."

"ದೇವ್ರ ಗುಡೀಲೂ ಬಿಡಲ್ವಲ್ಲೋ ನೀನು!"

ನಮ್ಮ ಕಡೆಯೂ ಭೂತಗಳು ಒಂದೇ ರಾತ್ರಿಯಲ್ಲಿ ಕಟ್ಟಿದ ಕೆರೆ, ಗುಡಿಗಳಿವೆ. ಕಟ್ಟಿದವರಿಗೆ ಕೂಲಿ ಕೊಡಲಿಲ್ಲವೆಂಬುದನ್ನು ಮುಚ್ಚಲು ಅಂಥ ಕಥೆ ಹುಟ್ಟುತ್ತದೆಂದು ನನ್ನ ಗುಮಾನಿ. ಕೆಳಗಿಳಿದಾಗ ಆನ್ಸೆಲ್ಮೊ ಬೆಂಚಿಗೊರಗಿ ನಿದ್ದೆ ಹೋಗಿದ್ದರು. ಅವರ ಮೀಸೆಯಲ್ಲಿ ಹತ್ತಿಯ ತುಣುಕು ಸಿಕ್ಕಿಕೊಂಡಿತ್ತು. ಬೆಳಿಗ್ಗೆ ನಮ್ಮನ್ನು ಕರೆಯಲು ಬರುವ ಮೊದಲೇ ಇವರು ಮಿಲ್ಲಿನೊಳಗೆ ಏನೋ ಕೆಲಸ ಮುಗಿಸಿ ಬಂದಿದ್ದಾರೆ. ಏನು ಕೆಲಸ?

ಸೀರೆ ಉಟ್ಟ ಮನೆಗಳು

ಮರುದಿನವೂ ಮಿಲ್ಲಿಲ್ಲ. ಬಣ್ಣದ ಬಿಲ್ಲೆಗಳ ಮನೆಗಳನ್ನು ನೋಡಬೇಕಂತೆ. ಈ ಊರಿನವರು ಹೂವು, ಹಕ್ಕಿ ಬರೆದ ಜೇಡಿಮಣ್ಣಿನ ಬಿಲ್ಲೆಗಳನ್ನು ಸುಟ್ಟು, ಮೆರುಗು ಕೊಟ್ಟು, ಮನೆಯ ಹೊರಗೋಡೆಗೆ ಕೂರಿಸುತ್ತಾರೆ. ಬೀದಿಗೆ ಬೀದಿಯೇ ರೇಷ್ಮೆ ಸೀರೆ ಉಟ್ಟು ನಿಂತ ಹಾಗಿತ್ತು. ಚೆಂದವೇನೋ ಚೆಂದ. ಆದರೆ ಇಷ್ಟು ಅಲಂಕಾರದ ಹಿಂದೆ ಗೋಡೆ ಹೇಗಿದೆಯೋ ಎಂದು ಬೆರಳ ಗೆಣ್ಣಿನಿಂದ ಒಂದು ಬಿಲ್ಲೆಯನ್ನು ತಟ್ಟಿದೆ. ಟೊಳ್ಳು ಸದ್ದು ಬಂತು. ಪಕ್ಕದ್ದನ್ನು ತಟ್ಟಿದೆ. ಅಷ್ಟರಲ್ಲಿ ಬಾಗಿಲು ತೆರೆದು ಮನೆಯ ಯಜಮಾನಿ ಹೊರಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಹತ್ತಿರ ಬಂದು, ನನ್ನ ರುಮಾಲನ್ನು ಅದೇ ರೀತಿ ಗೆಣ್ಣಿನಿಂದ ತಟ್ಟಿದಳು. ಒಳಗೆ ಏನು ಬಚ್ಚಿಟ್ಟಿದ್ದಾನೋ ಎಂಬ ಅನುಮಾನ ಅವಳಿಗೆ. ಭಾವ ಬೀದಿಯಲ್ಲೇ ಹೊಟ್ಟೆ ಹಿಡಿದುಕೊಂಡು ಕೂತರು.

ಮಧ್ಯಾಹ್ನ ಆನ್ಸೆಲ್ಮೊ ತಮ್ಮ ಮನೆಯಲ್ಲಿ ಊಟ ಹಾಕಿದರು. ಮುಸುಕಿನ ಜೋಳದ ರೊಟ್ಟಿಯನ್ನು ಅವರ ಹೆಂಡತಿ ಎರಡು ಅಂಗೈ ನಡುವೆ ತಟ್ಟಿ ತಟ್ಟಿ ಕಾವಲಿಗೆ ಹಾಕುತ್ತಿದ್ದರು. ಆ ಸದ್ದಿಗೆ ಮನೆ ನೆನಪಾಯಿತು. ನಾನು ಪರದೇಶದಲ್ಲಿ ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟವನಾದ್ದರಿಂದ ನನಗೆ ಬೇರೆ ಪಲ್ಯ ಮಾಡಿದ್ದರು. ಹಸಿರು, ಸ್ವಲ್ಪ ಲೋಳೆ, ಹುಳಿ. ಏನಿದು ಎಂದು ಕೇಳಿದರೆ ಹಿತ್ತಿಲಿಗೆ ಕರೆದೊಯ್ದು ತೋರಿಸಿದರು. ಪಾಪಾಸುಕಳ್ಳಿ! ನಮ್ಮಲ್ಲಿ ದನ ನುಗ್ಗದಂತೆ ಬೇಲಿಗೆ ನೆಡುವ, ಮುಳ್ಳು ಚುಚ್ಚಿದರೆ ವಾರಗಟ್ಟಲೆ ಕೀವಾಗುವ ಕಳ್ಳಿಯನ್ನು ಮುಳ್ಳು ಸವರಿ ಪಲ್ಯ ಮಾಡಿ ಅತಿಥಿಗೆ ಬಡಿಸಿದ್ದರು. ನಾನು ಕಾಯಿಲೆ ಬಿದ್ದರೆ ಮಗ್ಗ ತೋರಿಸುವ ಕೆಲಸವೇ ಇರುವುದಿಲ್ಲ ಎಂಬ ಲೆಕ್ಕಾಚಾರವಿರಬಹುದೇ ಎಂದು ಹೊಟ್ಟೆ ಒತ್ತಿ ನೋಡಿಕೊಂಡೆ. ಏನೂ ಆಗಲಿಲ್ಲ. ರುಚಿಯಾಗಿಯೇ ಇತ್ತೆಂದು ಈಗ ಹೇಳಬಹುದು.

ಇದಕ್ಕಿಂತ ದೊಡ್ಡ ಮಾತೊಂದನ್ನು ಆನ್ಸೆಲ್ಮೊ ಊಟದ ನಡುವೆ ಹೇಳಿದರು. ಹಸಿಮೆಣಸಿನಕಾಯಿ ಮೊದಲು ಬೆಳೆದದ್ದು ಇವರ ಸೀಮೆಯಲ್ಲಂತೆ. ಇಲ್ಲಿಂದಲೇ ನಮ್ಮ ದೇಶಕ್ಕೆ ಹೋದದ್ದಂತೆ.

"ಹಂಗಾದ್ರೆ ಅದಕ್ಕೆ ಮೊದ್ಲು ನಮ್ಮೋರು ಸಾರಿಗೆ ಏನ್ ಹಾಕ್ತಿದ್ರು?" ಎಂದು ನಾನು ಸಿಟ್ಟಿನಿಂದ ಕೇಳಿದೆ. ಭಾವ ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಬಡಿಸುವವರ ಮನೆಯಲ್ಲಿ ಜಗಳ ಬೇಡವೆಂದರು.

ಸಂಜೆ ನಮ್ಮ ಅಂಗಳದಲ್ಲಿ ಕೂತು ಗೋಡೆಯಾಚೆಯ ಸದ್ದಿಗೆ ಕಿವಿಗೊಟ್ಟೆ. ಹುಟ್ಟಿದಾಗಿನಿಂದ ಮಗ್ಗದ ಪಕ್ಕ ಮಲಗಿದವನು ನಾನು. ಎಷ್ಟು ಮಗ್ಗ ಓಡುತ್ತಿವೆ, ಯಾವುದು ಕುಂಟುತ್ತಿದೆ ಎಂಬುದು ಸದ್ದಿನಲ್ಲೇ ತಿಳಿಯುತ್ತದೆ. ನಿನ್ನೆಗಿಂತ ಸದ್ದು ತೆಳ್ಳಗಾಗಿತ್ತು. ಕೆಲವು ಮಗ್ಗ ನಿಂತಿದ್ದವು.

ಬೆಟ್ಟವೆಂದುಕೊಂಡದ್ದು

ಮೂರನೆಯ ದಿನ ಊರಾಚೆ ಚೊಲೂಲಾ ಎಂಬಲ್ಲಿಗೆ ಕರೆದೊಯ್ದರು. ಬಯಲ ನಡುವೆ ಹುಲ್ಲು ಬೆಳೆದ ಒಂದು ಗುಡ್ಡ, ನೆತ್ತಿಯ ಮೇಲೆ ಹಳದಿ ಬಣ್ಣದ ಇಗರ್ಜಿ. ನಮ್ಮ ಕುಂದಾಣದ ಬೆಟ್ಟದ ಹಾಗೆಯೇ ಕಂಡಿತು. ಇದು ಬೆಟ್ಟವಲ್ಲ, ಹಿಂದಿನ ಕಾಲದ ಜನ ಇಟ್ಟಿಗೆಯಿಂದ ಕಟ್ಟಿದ ಗುಡಿ, ಮಣ್ಣು ಮುಚ್ಚಿ ಹುಲ್ಲು ಬೆಳೆದಿದೆ ಎಂದರು ಆನ್ಸೆಲ್ಮೊ. ನನಗೆ ರೇಗಿಹೋಯಿತು. ಬೆಟ್ಟಕ್ಕೂ ಗುಡಿಗೂ ವ್ಯತ್ಯಾಸ ತಿಳಿಯದವನೆಂದು ನನ್ನ ಕಿವಿ ಮೇಲೆ ಹೂವಿಡುತ್ತಿದ್ದಾರೆ.

ಅಗೆದು ನೋಡುವ ಪಂಡಿತರು ಗುಡ್ಡದ ಬುಡದಲ್ಲಿ ಸುರಂಗ ಕೊರೆದಿದ್ದರು. ಕಂದೀಲು ಹಿಡಿದು ಒಳಗೆ ಹೋದೆವು. ತಗ್ಗು, ಇಕ್ಕಟ್ಟು, ತಲೆ ತಗ್ಗಿಸಿಯೇ ನಡೆಯಬೇಕು. ನನ್ನ ರುಮಾಲು ಎರಡು ಸಲ ಬಿಚ್ಚಿಹೋಯಿತು. ಬೆಳಕಿನಲ್ಲಿ ಗೋಡೆ ನೋಡಿದೆ. ಹಸಿ ಇಟ್ಟಿಗೆ, ಸಾಲಿನ ಮೇಲೆ ಸಾಲು. ಮುಂದೆ ಹೋದರೆ ಮೆಟ್ಟಿಲು, ಮೆಟ್ಟಿಲ ಹಿಂದೆ ಇನ್ನೂ ಹಳೆಯ ಗೋಡೆ. ಬೆಟ್ಟವೆಲ್ಲ ಮನುಷ್ಯರ ಕೈಕೆಲಸ. ಭಾವ ಕತ್ತಲಲ್ಲಿ, "ಈಗ್ಲಾದ್ರೂ ನಂಬ್ತೀಯೇನಪ್ಪಾ?" ಎಂದರು.

"ಬೆಟ್ಟ ನಿಜ ಭಾವ. ಆದ್ರೆ ಮಗ್ಗ ಯಾಕೆ ತೋರಿಸ್ತಿಲ್ಲ?"

ಅವತ್ತು ಸಂಜೆ ಗೋಡೆಯಾಚೆಯ ಸದ್ದು ಅರ್ಧಕ್ಕಿಂತ ಕಡಿಮೆಯಾಗಿತ್ತು. ನನ್ನ ಲೆಕ್ಕ ಸರಳವಾಗಿತ್ತು. ಇವರು ಒಳ್ಳೆಯ ಮಗ್ಗಗಳನ್ನು ಒಂದೊಂದಾಗಿ ನಿಲ್ಲಿಸಿ, ಬಿಚ್ಚಿ, ಬೇರೆ ಕಡೆ ಸಾಗಿಸುತ್ತಿದ್ದಾರೆ. ಆ ಜಾಗದಲ್ಲಿ ಗುಜರಿ ತಂದು ನಿಲ್ಲಿಸುತ್ತಾರೆ. ನಾವು ಬೆಟ್ಟ ಗುಡಿ ಸುತ್ತಿ ಸುಸ್ತಾದ ಮೇಲೆ ಅದನ್ನೇ ತೋರಿಸಿ ಟೋಪಿ ಹಾಕುತ್ತಾರೆ. ಓಲೆ ಬಿಚ್ಚಿಕೊಟ್ಟ ಹೆಂಗಸರ ಮುಖಗಳು ಕಣ್ಣಮುಂದೆ ಬಂದವು. ಅವರಲ್ಲಿ ಮೊದಲು ಬಿಚ್ಚಿದವಳು ನನ್ನ ಅಕ್ಕ.

ನಮ್ಮ ದೇಶದ ಚೀನೀ ಹೆಂಗಸು

ಮಾರನೆಯ ದಿನ ಬೆಳಿಗ್ಗೆ ಆನ್ಸೆಲ್ಮೊ ಇನ್ನೊಂದು ಇಗರ್ಜಿಗೆ ಕರೆದೊಯ್ದು, ಒಂದು ಸಮಾಧಿಯ ಗುರುತು ತೋರಿಸಿ, ಧ್ವನಿ ತಗ್ಗಿಸಿ ಹೇಳಿದರು: ಇದು ನಿಮ್ಮ ದೇಶದ ಹೆಣ್ಣುಮಗಳದ್ದು. ನೂರಾರು ವರ್ಷಗಳ ಹಿಂದೆ ಕಡಲ್ಗಳ್ಳರು ಅವಳನ್ನು ಹಿಂದೂಸ್ಥಾನದ ಕರಾವಳಿಯಿಂದ ಕದ್ದು, ಹಡಗಿನಲ್ಲಿ ತಂದು ಇಲ್ಲಿ ಮಾರಿದರು. ಅವಳು ಇದೇ ಊರಿನಲ್ಲಿ ಬಾಳಿ, ಸಂತಳೆನಿಸಿಕೊಂಡು ಸತ್ತಳು. ಇಲ್ಲಿನ ಹೆಂಗಸರು ಹಬ್ಬಕ್ಕೆ ಉಡುವ ಕಸೂತಿಯ ಲಂಗ ಅವಳಿಂದಲೇ ಬಂತೆಂದು ಜನರ ಮಾತು.

"ಅವಳಿಗೆ ಊರವರು ಏನಂತ ಕರೀತಾರೆ ಕೇಳಿ ಭಾವ" ಎಂದೆ.

ಭಾವ ಕೇಳಿ, ಸ್ವಲ್ಪ ತಡವರಿಸಿ, "ಚೀನಾದೋಳು ಅಂತಾರಂತೆ" ಎಂದರು.

ನನ್ನ ತಾಳ್ಮೆ ಮುಗಿಯಿತು. ಚೀನಾದವಳೆಂದು ಹೆಸರಿಟ್ಟು ಹಿಂದೂಸ್ಥಾನದವಳೆಂದು ನನಗೆ ತೋರಿಸುತ್ತಾರೆ. ನಾಳೆ ಚೀನಾದಿಂದ ಗಿರಾಕಿ ಬಂದರೆ ಅವನಿಗೆ ನಿಮ್ಮವಳೆಂದು ತೋರಿಸುತ್ತಾರೆ. ಪೂರ್ವದಿಂದ ಬಂದವರನ್ನೆಲ್ಲ ಆ ಕಾಲದಲ್ಲಿ ಹಾಗೆಯೇ ಕರೆಯುತ್ತಿದ್ದರು ಎಂದು ಆನ್ಸೆಲ್ಮೊ ವಿವರಿಸುತ್ತಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ. ಭಾವ ಮಾತ್ರ ಆ ಕಲ್ಲಿನ ಮುಂದೆ ನಿಂತು ಕಣ್ಣೊರೆಸಿಕೊಂಡರು. "ಯಾರ ಮನೆ ಮಗೂನೋ ಏನೋ, ಪಾಪ. ಅವಳ್ಗೆ ಅಂತ ಒಬ್ರಾದ್ರೂ ಬಂದು ನೋಡಿದ್ರೋ ಇಲ್ವೋ" ಎಂದರು. ಭಾವನಿಗೆ ಅಳು ಸುಲಭ. ಅವರು ಕಣ್ಣೊರೆಸಿಕೊಳ್ಳುತ್ತಿರುವಾಗಲೇ ನಾನು ಪಕ್ಕದ ಬಾಗಿಲಿನಿಂದ ಹೊರಬಿದ್ದು ಮಿಲ್ಲಿನ ದಾರಿ ಹಿಡಿದೆ.

ಗೋಡೆಯ ಆಚೆ

ಮಿಲ್ಲಿನ ಬಾಗಿಲಲ್ಲಿ ಕಾವಲುಗಾರ ತಡೆದ. ಭಾಷೆ ಇಲ್ಲ. ಬೆರಳುಗಳನ್ನು ಚಾಚಿ ತೋರಿಸಿದೆ. ನೂಲು ಕೊಯ್ದು ಕೊಯ್ದು ನೇಕಾರನ ಬೆರಳಲ್ಲಿ ಗೆರೆ ಬಿದ್ದಿರುತ್ತದೆ. ಅವನು ಆ ಗೆರೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿ ದಾರಿ ಬಿಟ್ಟ.

ಒಳಗೆ ಮಗ್ಗಗಳೆಲ್ಲ ಇದ್ದ ಜಾಗದಲ್ಲೇ ಇದ್ದವು. ಒಂದೂ ಕದಲಿರಲಿಲ್ಲ. ಹೆಚ್ಚಿನವು ನಿಂತಿದ್ದವು. ಒಂದರ ಪಕ್ಕ ಬಗ್ಗಿ ನೋಡಿದೆ. ತುಕ್ಕಿಲ್ಲ, ಎಣ್ಣೆ ಹೊಸದು. ಎಳೆಗಳನ್ನು ಬಿಡಿಸಿ ಹಿಡಿಯುವ ಬಾಚಣಿಗೆಯಂಥ ಅಚ್ಚಿನ ಹಲ್ಲುಗಳಲ್ಲಿ ಅವು ಹಾಗೆಯೇ ಇದ್ದವು, ಒಂದು ಗೇಣಿನಷ್ಟು. ಅದರಾಚೆ ಹಾಸು ಪೂರ್ತಿ ಮುಗಿದಿತ್ತು. ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಹೂಡಿದ ನೂಲು. ಅದು ಪೂರ್ತಿ ನೇಯ್ದು ಮುಗಿದಾಗ ಮಾತ್ರ ಮಗ್ಗ ಹೀಗೆ ನಿಲ್ಲುತ್ತದೆ. ಎರಡನೆಯದನ್ನು ನೋಡಿದೆ, ಮೂರನೆಯದನ್ನು ನೋಡಿದೆ. ಎಲ್ಲವೂ ಹಾಗೆಯೇ. ದೂರದಲ್ಲಿ ನಾಲ್ಕೈದು ಮಗ್ಗ ಮಾತ್ರ ಓಡುತ್ತಿದ್ದವು. ನೇಕಾರರು ತಿರುಗಿ ನನ್ನನ್ನು ನೋಡಿದರು, ಯಾರೂ ನಗಲಿಲ್ಲ.

ಅಷ್ಟರಲ್ಲಿ ಭಾವನೂ ಆನ್ಸೆಲ್ಮೊ ಅವರೂ ಓಡಿಬಂದರು. ಆನ್ಸೆಲ್ಮೊ ಎದೆಗೆ ಕೈಯಿಟ್ಟುಕೊಂಡಿದ್ದರು. ಈ ಸಲ ಮರ್ಯಾದೆಗಲ್ಲ, ಉಸಿರಿಗೆ. ಅವರು ಹೇಳಿದ್ದನ್ನು ಭಾವ ನಿಧಾನವಾಗಿ ತಿಳಿಸಿದರು.

"ಮಗ್ಗದ ಮೇಲಿರೋ ಹಾಸನ್ನ ನಡುವೆ ಕತ್ತರಿಸೋಕೆ ಇವ್ರು ಒಪ್ಪಲಿಲ್ವಂತೆ. ನೇಯ್ದು ಮುಗಿಸಿಯೇ ಮಗ್ಗ ಬಿಡ್ತೀವಿ ಅಂದ್ರಂತೆ. ಕೊಳ್ಳೋರಿಗೆ ಇದನ್ನ ಹೇಳಿದ್ರೆ ನಗ್ತಾರೆ, ಇಲ್ಲಾ ಮೋಸ ಅಂದ್ಕೋತಾರೆ. ಮುಗಿಯೋ ತನಕ ಊರು ತೋರಿಸ್ಕೊಂಡು ಬಾ ಅಂತ ಧಣಿಗಳು ಹೇಳಿದ್ರಂತೆ. ಇವ್ರು ದಿನಾ ಬೆಳಿಗ್ಗೆ ಇಲ್ಲಿಗೆ ಬಂದು ಹಾಸು ಎಷ್ಟು ಉಳಿದಿದೆ ಅಂತ ನೋಡ್ಕೊಂಡೇ ನಮ್ಮತ್ರ ಬರ್ತಿದ್ರಂತೆ."

ನಾನು ಅಲ್ಲೇ ಒಂದು ಪೀಪಾಯಿಯ ಮೇಲೆ ಕೂತೆ. ನಮ್ಮ ತಾತ ತೀರಿಕೊಂಡಾಗ ಅವರ ಮಗ್ಗದ ಮೇಲೆ ಅರ್ಧ ಹಾಸು ಉಳಿದಿತ್ತು. ಸೂತಕ ಕಳೆದ ಮೇಲೆ ಬೀದಿಯವರು ಸರದಿಯ ಮೇಲೆ ಕೂತು ಅದನ್ನು ನೇಯ್ದು ಮುಗಿಸಿದರು. ಕತ್ತರಿ ತರೋಣವೆಂದು ಯಾರ ಬಾಯಲ್ಲೂ ಬರಲಿಲ್ಲ. ದೇವದೂತರ ಗಂಟೆ, ಇಟ್ಟಿಗೆಯ ಬೆಟ್ಟ, ಮೆಣಸಿನಕಾಯಿ, ಚೀನೀ ಹೆಂಗಸು, ಇವೆಲ್ಲವನ್ನೂ ಹೇಳಿ, ನಾನು ಕೇಳಿದ ಕ್ಷಣವೇ ನಂಬುತ್ತಿದ್ದ ಒಂದೇ ಒಂದು ಮಾತನ್ನು ಇವರು ನನ್ನಿಂದ ಮುಚ್ಚಿಟ್ಟಿದ್ದರು. ನನಗೆ ನಗು ಬಂತು.

"ಇವ್ರೆಲ್ಲ ಹೊಸ ಮಗ್ಗಕ್ಕೆ ಹೋಗ್ತಾರಾ ಕೇಳಿ" ಎಂದೆ.

ಆನ್ಸೆಲ್ಮೊ ಇಲ್ಲವೆಂದು ತಲೆಯಾಡಿಸಿದರು. ಹೊಸ ಮಗ್ಗಗಳಲ್ಲಿ ಒಬ್ಬನೇ ಒಂದು ಸಾಲನ್ನೆಲ್ಲ ನೋಡಿಕೊಳ್ಳಬಹುದಂತೆ. ಈ ಹಾಸುಗಳು ಮುಗಿದರೆ ಇವರಲ್ಲಿ ಹೆಚ್ಚಿನವರು ಮನೆಗೆ ಹೋಗುವವರೇ.

ನಿಂತ ಮಗ್ಗಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಗಟ್ಟಿಯಾಗಿದ್ದವು. ಸಾಗಿಸುವ ಮೊದಲು ಅಚ್ಚಿನಲ್ಲಿ ಉಳಿದ ಎಳೆಗಳನ್ನು ಕಿತ್ತು ಚೊಕ್ಕಟ ಮಾಡಿ ಕೊಡುತ್ತೇವೆ ಎಂದರು. ಬೇಡವೆಂದೆ. ನಮ್ಮಲ್ಲಿ ಹಳೆಯ ಎಳೆಯ ತುದಿಗೆ ಹೊಸ ಹಾಸಿನ ಎಳೆ ಸೇರಿಸಿ ಗಂಟು ಹಾಕುತ್ತೇವೆ, ಕೆಚ್ಚುವುದು ಎನ್ನುತ್ತೇವೆ. ಎಳೆಯಿಲ್ಲದ ಮಗ್ಗ ಮನೆಗೆ ಬರಬಾರದು. ಭಾವ ಇದನ್ನು ಹೇಗೆ ಇಂಗ್ಲಿಷ್ ಮಾಡಿದರೋ ತಿಳಿಯದು, ಆನ್ಸೆಲ್ಮೊ ಅದನ್ನು ನೇಕಾರರಿಗೆ ಕೂಗಿ ಹೇಳಿದಾಗ ಒಬ್ಬ ಮುದುಕ ತನ್ನ ಮಗ್ಗ ನಿಲ್ಲಿಸಿ ನನ್ನ ಕಡೆ ನೋಡಿದ. ರೊಸೆಂದೊ ಎಂದು ಅವನ ಹೆಸರು. ಓಡುತ್ತಿದ್ದವುಗಳಲ್ಲಿ ಅವನ ಹಾಸೇ ಎಲ್ಲಕ್ಕಿಂತ ಉದ್ದ ಉಳಿದಿತ್ತು.

ನಿಧಾನದ ಮಗ್ಗ

ಮುಂದೆ ಒಂದೊಂದೇ ನಿಂತು ರೊಸೆಂದೊನ ಮಗ್ಗ ಮಾತ್ರ ಉಳಿಯಿತು. ಬಂದರಿನಲ್ಲಿ ನಮ್ಮ ಹಡಗು ಹೊರಡುವ ದಿನ ಹತ್ತಿರವಾಗುತ್ತಿತ್ತು. ಊರಿನಿಂದ ತಂತಿಯ ಮೇಲೆ ತಂತಿ ಬರುತ್ತಿತ್ತು. ಅಂಗಳದಲ್ಲಿ ಕೂತು ಕೇಳಿದೆ. ಎಳೆ ಹರಿದಾಗ ಮಗ್ಗ ನಿಲ್ಲಿಸಿ ಗಂಟು ಹಾಕಲು ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತು. ಲಾಳಿಯಲ್ಲಿ ನೂಲು ಮುಗಿದಾಗ ಬದಲಿಸಲು ಎಷ್ಟು ಹೊತ್ತು ಬೇಕೆಂಬುದೂ ಗೊತ್ತು. ಮುದುಕ ಅದರ ಮೂರರಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದ. ಮಗ್ಗ ಸ್ವಲ್ಪ ಓಡುವುದು, ನಿಲ್ಲುವುದು. ಮತ್ತೆ ಓಡುವುದು, ನಿಲ್ಲುವುದು.

ಇಷ್ಟು ದಿನ ಯಾರನ್ನೂ ಅನುಮಾನಿಸದ ಭಾವ ಅವತ್ತು ನನ್ನ ಪಕ್ಕ ಬಂದು ಕೂತರು. ಅವರೂ ಮಗ್ಗದ ಮನೆಯ ಅಳಿಯ. ಅವರ ಕಿವಿಯೂ ಕೆಟ್ಟದ್ದಲ್ಲ.

"ಮುನಿನಂಜ, ಅವ್ನು ಬೇಕಂತ್ಲೇ ನಿಧಾನ ಮಾಡ್ತಾವ್ನೆ ಕಣೋ" ಎಂದರು.

"ಇಲ್ಲ ಭಾವ. ನೂಲು ಹಳೇದು, ಹರೀತಾ ಇರತ್ತೆ" ಎಂದೆ.

"ಏನೋ, ನೀನ್ ಹೇಳ್ತಿದೀಯ ಈ ಮಾತ್ನ?"

"ಹಡಗು ಹೋದ್ರೆ ಇನ್ನೊಂದು ಬರತ್ತೆ ಬಿಡಿ."

ಅವರು ನನ್ನ ಮುಖ ನೋಡಿದರು. ಮೂವತ್ತು ವರ್ಷ ಬೆಳಗಾದರೆ ಓಡಿಸಿದ ಮಗ್ಗವನ್ನು ಬಿಟ್ಟು ಹೋಗುವ ಮನುಷ್ಯನಿಗೆ ಬೇಗ ಬಿಡು ಎಂದು ಹೇಳಲು ನನ್ನಿಂದ ಆಗಲಿಲ್ಲ. ಅದೇ ಹೊತ್ತಿಗೆ ನಮ್ಮ ಬೀದಿಯ ಬರಿಗಿವಿಗಳೂ ಕಣ್ಣಿಗೆ ಕಟ್ಟಿದ್ದವು. ಎರಡು ಕಡೆಗೂ ಎಳೆದಾಡಿದಂತಾಯಿತು. ಹಡಗು ಹೋಯಿತು.

ಒಂದು ಮಧ್ಯಾಹ್ನ ಮಗ್ಗ ನಿಂತಿತು, ಮತ್ತೆ ಓಡಲಿಲ್ಲ. ನಾನು ಓಣಿ ದಾಟಿ ಬಾಗಿಲಿಗೆ ಹೋದೆ. ರೊಸೆಂದೊ ಟೋಪಿ ಹಾಕಿಕೊಂಡು ಹೊರಬಂದ. ನನ್ನನ್ನು ಕಂಡು ನಿಂತು ಕೈ ಚಾಚಿದ. ಅವನ ಬೆರಳಿನ ಗೆರೆ ನನ್ನ ಬೆರಳಿಗೆ ತಗುಲಿತು. ಗೋಡೆಯಾಚೆ ಕೂತು ನಾನು ಅವನ ಮಗ್ಗದ ಸದ್ದು ಕೇಳುತ್ತಿದ್ದದ್ದು ಅವನಿಗೆ ಗೊತ್ತಿತ್ತೆಂದೇ ನನಗೆ ಅನುಮಾನ. ಆಮೇಲೆ ಬೀದಿಯ ತಿರುವಿನಲ್ಲಿ ಮರೆಯಾದ.

ದೊಡ್ಡಬಳ್ಳಾಪುರ

ನಾವು ಊರು ಸೇರಿ ಎಷ್ಟೋ ದಿನಗಳಾದ ಮೇಲೆ ಪೆಟ್ಟಿಗೆಗಳು ಬಂದವು. ಬೀದಿಗೆ ಬೀದಿಯೇ ನೆರೆದಿತ್ತು. ನಾನೇ ನಿಂತು ಹಲಗೆ ಕೀಳಿಸಿದೆ, ಪ್ರತಿಯೊಂದನ್ನೂ ಮುಟ್ಟಿ ನೋಡಿದೆ. ಒಂದೂ ಕೆಟ್ಟಿರಲಿಲ್ಲ. ಅಚ್ಚಿನ ಎಳೆ ಹಾಗೆಯೇ ಇತ್ತು. ನಮ್ಮ ಮನೆಯ ಪಾಲಿಗೆ ಬಂದ ಮಗ್ಗಕ್ಕೆ ಹಾಸು ಕೆಚ್ಚಲು ಅಕ್ಕ ಕೂತಳು. ಆ ದೇಶದ ಎಳೆಯ ತುದಿ, ನಮ್ಮ ಎಳೆಯ ತುದಿ, ನಡುವೆ ಸಣ್ಣ ಗಂಟು. ನಾನು ಪಕ್ಕದಲ್ಲಿ ಕೂತು ಎಳೆ ಬಿಡಿಸಿ ಕೊಡುತ್ತಿದ್ದೆ. ಅವಳ ಕಿವಿಯಲ್ಲಿ ಓಲೆಯ ಜಾಗಕ್ಕೆ ಬೇವಿನ ಕಡ್ಡಿಯಿತ್ತು.

"ಅಷ್ಟ್ ತಡ ಯಾಕಾಯ್ತು? ಊರೆಲ್ಲ ನಿನ್ನ ಬೈತಿತ್ತು. ಅವ್ರೇನಾದ್ರೂ ಮೋಸ ಮಾಡಿದ್ರಾ?" ಎಂದಳು.

"ಮಾಡಿದ್ರು ಅಕ್ಕ. ಮುದುಕ ಒಬ್ಬ ಕೊನೇ ಹಾಸನ್ನ ಬೇಕಂತ್ಲೇ ನಿಧಾನವಾಗಿ ನೇಯ್ದ."

ಅವಳ ಕೈ ನಿಂತಿತು.

"ನಿಂಗೆ ಗೊತ್ತಾಗಿತ್ತಾ?"

"ಗೊತ್ತಾಗಿತ್ತು."

"ಏನಾದ್ರೂ ಅಂದ್ಯಾ ಅವನ್ಗೆ?"

"ಇಲ್ಲ."

"ಸದ್ಯ" ಎಂದಳು ಅಕ್ಕ, ಮುಂದಿನ ಎಳೆಗೆ ಕೈ ಹಾಕುತ್ತ.